ಪರ್ಡ್ಯೂ ನಂಬರ್ ಒನ್ ಆಗಿದೆ ಸರಿ, ರೀಬೌಂಡ್ ಹಿಡಿಯೋರು ಯಾರು?

2025ರ ಅಕ್ಟೋಬರ್ 13ಕ್ಕೆ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ರ‍್ಯಾಂಕಿಂಗ್ ಬಂತು. ಅಮೆರಿಕದ ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ 2025-26ರ ಸೀಸನ್ ಶುರುವಾಗುವ ಮುಂಚೆ ಮೊದಲ ಸ್ಥಾನ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ. ಎರಡನೆಯದು ಹ್ಯೂಸ್ಟನ್, ಮೂರನೆಯದು ಹಾಲಿ ಚಾಂಪಿಯನ್ ಫ್ಲೋರಿಡಾ. ಸೀಸನ್ ನಡುವೆ ಪರ್ಡ್ಯೂ ಹಿಂದೆಯೂ ತುದಿಗೆ ಏರಿದ್ದುಂಟು. ಆದರೆ ಒಂದು ಪಂದ್ಯವನ್ನೂ ಆಡುವ ಮೊದಲೇ ಅದನ್ನು ಮೇಲೆ ಕೂರಿಸಿದ್ದು ಇದೇ ಮೊದಲು.

ನಮ್ಮ ಕಡೆಯವರಿಗೆ ಪರ್ಡ್ಯೂ ಅಂದರೆ ಎಂಜಿನಿಯರಿಂಗ್. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಎಂ.ಎಸ್. ಮಾಡಲು ಇಂಡಿಯಾನಾ ರಾಜ್ಯದ ವೆಸ್ಟ್ ಲಾಫಯೆಟ್‌ಗೆ ಹೋದವರು ಬೇಕಾದಷ್ಟು ಮಂದಿ. ನೀಲ್ ಆರ್ಮ್‌ಸ್ಟ್ರಾಂಗ್ ಓದಿದ ಜಾಗ ಅಂತ ಹೇಳಿಕೊಳ್ಳುವ ಊರು ಅದು. ಅದೇ ಕ್ಯಾಂಪಸ್ಸಿನಲ್ಲಿ ಮ್ಯಾಕಿ ಅರೀನಾ ಅಂತ ಒಂದು ಕ್ರೀಡಾಂಗಣ ಇದೆ. 1967ರಲ್ಲಿ ತೆರೆದದ್ದು, ಸುಮಾರು 14,800 ಜನ ಹಿಡಿಯುತ್ತದೆ. ವಿದ್ಯಾರ್ಥಿಗಳು ಕೂರುವ ಭಾಗಕ್ಕೆ 'ಪೇಂಟ್ ಕ್ರೂ' ಎಂದು ಹೆಸರು. ಕೋಚ್ ಮ್ಯಾಟ್ ಪೇಂಟರ್ ಹೆಸರಿನಿಂದ ಬಂದದ್ದು. ಪರೀಕ್ಷೆ ಹತ್ತಿರ ಇದ್ದರೂ ಟಿಕೆಟ್ ಬಿಡದವರು ಅಲ್ಲಿ ನಮ್ಮವರಲ್ಲೂ ಇದ್ದಾರೆ.

ಈ ತಂಡಕ್ಕೆ ಒಂದನೇ ಸ್ಥಾನ ಯಾಕೆ ಸಿಕ್ಕಿತು ಅಂತ ಯಾರನ್ನು ಕೇಳಿದರೂ ಮೂರೇ ಹೆಸರು ಹೇಳುತ್ತಾರೆ. ಬ್ರೇಡನ್ ಸ್ಮಿತ್, ಫ್ಲೆಚರ್ ಲೋಯರ್, ಟ್ರೇ ಕಾಫ್ಮನ್-ರೆನ್. ಮೂವರೂ ಇಂಡಿಯಾನಾದವರು. ಮೂವರೂ ಬೇರೆ ಕಾಲೇಜಿನ ಮುಖ ನೋಡಿಲ್ಲ. ಮೂವರಿಗೂ ಇದು ಕೊನೆಯ ವರ್ಷ. ಉತ್ತರ ತಪ್ಪೇನಲ್ಲ. ಆದರೆ ಇದೇ ಮೂವರನ್ನು ಇಟ್ಟುಕೊಂಡು ಕಳೆದ ವರ್ಷ ಪರ್ಡ್ಯೂ 24 ಪಂದ್ಯ ಗೆದ್ದು 12 ಸೋತಿತ್ತು, ಅಲ್ವಾ? ಹನ್ನೆರಡು ಸೋತ ತಂಡ ಅದೇ ಮೂವರಿಂದ ದೇಶಕ್ಕೇ ಮೊದಲನೆಯದು ಆಗುವುದಿಲ್ಲ. ಏನೋ ಬದಲಾಗಿರಬೇಕು. ಆ ಬದಲಾವಣೆ ಇರುವುದು ಬುಟ್ಟಿಯ ಕೆಳಗೆ, ತಪ್ಪಿ ಪುಟಿದು ಬರುವ ಚೆಂಡನ್ನು, ಅಂದರೆ ರೀಬೌಂಡ್ ಅನ್ನು, ಹಿಡಿಯುವಲ್ಲಿ. ಅದು ಕೂಡಿ ಬರುತ್ತದೋ ಇಲ್ಲವೋ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲದ ಸಂಗತಿ.

ಮೊದಲು ಇವರು ಉಳಿದದ್ದೇ ಯಾಕೆ ದೊಡ್ಡ ಸುದ್ದಿ ಅಂತ ನೋಡೋಣ.

ಅಮೆರಿಕದ ಕಾಲೇಜು ಆಟಗಾರನಿಗೆ ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡಲು ಅವಕಾಶ. ಹಿಂದೆ ಕಾಲೇಜು ಬದಲಾಯಿಸಿದರೆ ಒಂದು ವರ್ಷ ಸುಮ್ನೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ನಿಯಮ ತೆಗೆದರು. 2024ರಲ್ಲಿ ಎಷ್ಟು ಸಲ ಬೇಕಾದರೂ ಹೋಗಿ ಅಂದರು. 2021ರ ಜುಲೈನಿಂದಲೇ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನ ದುಡ್ಡು ಮಾಡಬಹುದಾಗಿತ್ತು. 2025ರ ಜೂನ್ 6ಕ್ಕೆ ನ್ಯಾಯಾಲಯ ಒಪ್ಪಿದ, ಆಟಗಾರರು ಹೂಡಿದ್ದ 'ಹೌಸ್' ಮೊಕದ್ದಮೆಯ ರಾಜಿ ಇನ್ನೂ ಮುಂದೆ ಹೋಯಿತು. ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಎಲ್ಲ ಆಟಗಳೂ ಸೇರಿ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಅದರಲ್ಲಿ ಸಿಂಹಪಾಲು ಅಮೆರಿಕನ್ ಫುಟ್‌ಬಾಲ್‌ಗೆ ಹೋಗುತ್ತದೆ. ಆದರೂ ಬ್ಯಾಸ್ಕೆಟ್‌ಬಾಲ್‌ಗೆ ಬರುವುದು ಕಡಿಮೆ ಏನಲ್ಲ. ಇಲ್ಲಿ ಇರುವುದು 15 ಜನರ ತಂಡ ಅಷ್ಟೇ.

ಇವೆಲ್ಲ ಸೇರಿ ಆದದ್ದೇನು? ಪ್ರತಿ ಏಪ್ರಿಲ್‌ನಲ್ಲೂ ಐಪಿಎಲ್‌ನ ಮೆಗಾ ಹರಾಜು ನಡೆದ ಹಾಗೆ. ಅದೂ ಯಾರನ್ನೂ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿಲ್ಲದ ಹರಾಜು. ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಪಟ್ಟಿಗೆ ಹೆಸರು ಕೊಟ್ಟರೆ ಮುಗಿಯಿತು, ಬೇರೆ ಕಾಲೇಜುಗಳ ಕೋಚ್‌ಗಳು ಫೋನ್ ಹಚ್ಚುತ್ತಾರೆ. ಕಳೆದ ವಸಂತದಲ್ಲಿ ಪುರುಷರ ವಿಭಾಗದಲ್ಲೇ 2,000ಕ್ಕೂ ಹೆಚ್ಚು ಆಟಗಾರರು ಆ ಪಟ್ಟಿಯಲ್ಲಿದ್ದರು. ಕೆಲವು ದೊಡ್ಡ ಕಾಲೇಜುಗಳ ತಂಡದ ಫೋಟೋ ನೋಡಿದರೆ ಹೋದ ವರ್ಷದ ಒಂದೆರಡು ಮುಖ ಹುಡುಕುವುದೂ ಕಷ್ಟ.

ಇಂಥ ಹೊತ್ತಿನಲ್ಲಿ ಹೋದ ವರ್ಷ ಪರ್ಡ್ಯೂ ಆಡುವ ಇಡೀ ಬಿಗ್ ಟೆನ್ ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡ ಸ್ಮಿತ್ ನಾಲ್ಕನೇ ವರ್ಷಕ್ಕೂ ಅಲ್ಲೇ ಉಳಿದ. ಅವನ ಜೊತೆ ಉಳಿದಿಬ್ಬರೂ ಉಳಿದರು. ಹಾಗಂತ ಪರ್ಡ್ಯೂನಿಂದ ಯಾರೂ ಹೋಗಲಿಲ್ಲ ಅಂತಲ್ಲ. ಮೈಲ್ಸ್ ಕಾಲ್ವಿನ್ ವೇಕ್ ಫಾರೆಸ್ಟ್‌ಗೆ ಹೋದ. ಕ್ಯಾಮ್ಡನ್ ಹೈಡಿ ಟೆಕ್ಸಸ್‌ಗೆ ಹೋದ. ಏಳಡಿ ದಾಟಿದ ವಿಲ್ ಬರ್ಗ್ ವಿಚಿಟಾ ಸ್ಟೇಟ್‌ಗೆ. ಕೇಲೆಬ್ ಫರ್ಸ್ಟ್ ಓದು ಮುಗಿಸಿದ. ಹೋದವರ ಪಟ್ಟಿ ಸಣ್ಣದಲ್ಲ. ಆದರೆ ತಂಡದ ಬೆನ್ನೆಲುಬು ಅಲುಗಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. 'ನೋಡಿ, ಮನೆ ಮಕ್ಕಳನ್ನು ಬೆಳೆಸಿದರೆ ಗೆಲ್ಲಬಹುದು' ಅಂತ ಪರ್ಡ್ಯೂವನ್ನು ಕೊಂಡಾಡುವವರು ಈಗ ಜಾಸ್ತಿ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ ಹ್ಯೂಸ್ಟನ್ ವಿರುದ್ಧ 65-63ರಿಂದ ಗೆದ್ದು ಕಪ್ ಎತ್ತಿದ ಫ್ಲೋರಿಡಾದಲ್ಲಿ ಹೊರಗಡೆ ನಿಂತು ಆಟ ನಡೆಸುವ ಮೂವರು ಮುಖ್ಯ ಗಾರ್ಡ್‌ಗಳೂ ಬೇರೆ ಕಡೆಯಿಂದ ಬಂದವರು. ವಾಲ್ಟರ್ ಕ್ಲೇಟನ್ ಐಯೋನಾದಿಂದ, ಅಲೈಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್‌ನಿಂದ, ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ. ಪೋರ್ಟಲ್‌ನಿಂದಲೂ ಕಪ್ ಬರುತ್ತದೆ. ಪರ್ಡ್ಯೂಗಂತೂ ಇಲ್ಲಿಯವರೆಗೆ ಯಾವ ದಾರಿಯಿಂದಲೂ ಬಂದಿಲ್ಲ.

ಇದು ಆ ಊರಿನವರಿಗೆ ನೋವಿನ ವಿಷಯ. ಬಿಗ್ ಟೆನ್ ಲೀಗ್ ಅನ್ನು 26 ಸಲ ಗೆದ್ದ ಕಾಲೇಜು ಇದು. ಬೇರೆ ಯಾರೂ ಅಷ್ಟು ಸಲ ಗೆದ್ದಿಲ್ಲ. ಆದರೆ ದೇಶದ 68 ತಂಡಗಳು ಸೋತರೆ ಮನೆಗೆ ಎಂಬಂತೆ ಆಡುವ ಎನ್‌ಸಿಎಎ ಟೂರ್ನಿಯನ್ನು ಒಮ್ಮೆಯೂ ಗೆದ್ದಿಲ್ಲ. ಫೈನಲ್‌ಗೆ ಹೋದದ್ದೇ ಎರಡು ಸಲ. 1969ರಲ್ಲಿ ಯುಸಿಎಲ್‌ಎ ಎದುರು ಸೋತರು. ಆ ಯುಸಿಎಲ್‌ಎ ಕೋಚ್ ಜಾನ್ ವುಡನ್ ಪರ್ಡ್ಯೂನಲ್ಲೇ ಓದಿ ಆಡಿದವರು, ಅದು ಬೇರೆ. ಎರಡನೆಯದು 2024. ಅದರ ಹಿಂದಿನ ಮೂರು ವರ್ಷ ಕೇಳುವುದೇ ಬೇಡ. ಟೂರ್ನಿಯ ತಂಡಗಳನ್ನು ನಾಲ್ಕು ಗುಂಪು ಮಾಡಿ ಒಂದೊಂದರಲ್ಲೂ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ, 16 ಅಂದರೆ ಕಟ್ಟಕಡೆ. 2021ರಲ್ಲಿ 13ನೇ ಶ್ರೇಯಾಂಕದ ನಾರ್ತ್ ಟೆಕ್ಸಸ್ ಎದುರು ಸೋಲು. 2022ರಲ್ಲಿ 15ನೇ ಶ್ರೇಯಾಂಕದ ಸೇಂಟ್ ಪೀಟರ್ಸ್ ಎದುರು. 2023ರಲ್ಲಿ ಒಂದನೇ ಶ್ರೇಯಾಂಕದ ಪರ್ಡ್ಯೂ 16ನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್‌ಗೆ 63-58ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಹಾಗೆ ಆದದ್ದು ಅದಕ್ಕೆ ಮೊದಲು ಒಮ್ಮೆ ಮಾತ್ರ. ಆ ರಾತ್ರಿ ಮೊದಲ ವರ್ಷದ ಹುಡುಗರಾಗಿ ಸ್ಮಿತ್, ಲೋಯರ್ ಇಬ್ಬರೂ ಅಂಗಳದಲ್ಲಿದ್ದರು.

ಈಗ ಆ ಮೂವರ ಆಟಕ್ಕೆ ಬರೋಣ.

ಸ್ಮಿತ್ ಎತ್ತರ ಆರಡಿ. ವೆಸ್ಟ್‌ಫೀಲ್ಡ್ ಊರಿನ ಹುಡುಗ. ಹೈಸ್ಕೂಲಿನಲ್ಲಿದ್ದಾಗ ದೊಡ್ಡ ಕಾಲೇಜುಗಳು ಇವನ ಹಿಂದೆ ಬಿದ್ದಿರಲಿಲ್ಲ. ಕಳೆದ ವರ್ಷ ಪಂದ್ಯಕ್ಕೆ ಸರಾಸರಿ 15.8 ಅಂಕ, 8.7 ಅಸಿಸ್ಟ್, ಅಂದರೆ ಜೊತೆಯವರಿಗೆ ಅಂಕ ತಂದುಕೊಟ್ಟ ಪಾಸ್. ಈವರೆಗೆ ಅವನ ಒಟ್ಟು ಅಸಿಸ್ಟ್ 750 ದಾಟಿದೆ. ಡ್ಯೂಕ್‌ನ ಬಾಬಿ ಹರ್ಲಿ 1993ರಲ್ಲಿ ಬಿಟ್ಟುಹೋದ 1,076ರ ದಾಖಲೆ ಈ ಸೀಸನ್ ಶುರುವಾಗುವಾಗ ಇನ್ನೂ ನಿಂತಿತ್ತು. ಗಾಯವಿಲ್ಲದೆ ಆಡಿ, ತಂಡ ಮಾರ್ಚ್ ಕೊನೆಯವರೆಗೆ ಉಳಿದರೆ ಸ್ಮಿತ್ ಅದನ್ನು ಮುಟ್ಟುವ ಲೆಕ್ಕ ಇದೆ. ಟಿವಿಯವರು ಇಡೀ ವರ್ಷ ಇದನ್ನೇ ತೋರಿಸುತ್ತಾರೆ, ನೋಡ್ತಾ ಇರಿ.

ಲೋಯರ್ ಫೋರ್ಟ್ ವೇನ್ ಊರಿನವನು, ಆರಡಿ ಐದಿಂಚು. ಕಳೆದ ಸೀಸನ್ ಸರಾಸರಿ 13.8 ಅಂಕ. ಮೂರಂಕದ ಗೆರೆಯಾಚೆಯಿಂದ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಹಾಕುವವನು. ಇವನು ಚೆಂಡು ಮುಟ್ಟದೆ ಇದ್ದಾಗಲೂ ಕೆಲಸ ಮಾಡುತ್ತಿರುತ್ತಾನೆ. ಜೊತೆಯವರು ಎದುರಾಳಿಗೆ ಅಡ್ಡ ನಿಂತು ಹಾಕುವ 'ಸ್ಕ್ರೀನ್' ಒಂದರ ಹಿಂದೆ ಒಂದು ಸುತ್ತಿ ಓಡುತ್ತಲೇ ಇರುತ್ತಾನೆ. ಎದುರಾಳಿ ಒಬ್ಬ ಇವನ ಬೆನ್ನು ಬಿಡುವ ಹಾಗಿಲ್ಲ. ಅಲ್ಲಿಗೆ ಬುಟ್ಟಿಯ ಹತ್ತಿರ ಸಹಾಯಕ್ಕೆ ಬರುವವರಲ್ಲಿ ಒಬ್ಬ ಕಡಿಮೆ.

ಕಾಫ್ಮನ್-ರೆನ್ ಆರಡಿ ಒಂಬತ್ತಿಂಚು. 2021ರಲ್ಲಿ ಬಂದವನು. ಮೊದಲ ವರ್ಷ ಪಂದ್ಯ ಆಡಿಸದೆ ಬರೀ ಅಭ್ಯಾಸದಲ್ಲಿಟ್ಟರು. ಇದಕ್ಕೆ ರೆಡ್‌ಶರ್ಟ್ ವರ್ಷ ಅನ್ನುತ್ತಾರೆ. ಆಟದ ಲೆಕ್ಕದಲ್ಲಿ ಆ ವರ್ಷ ಸೇರುವುದಿಲ್ಲ. ಈಗಿನ ಕಾಲದಲ್ಲಿ ಒಬ್ಬ ಹುಡುಗನಿಗೆ 'ಈ ವರ್ಷ ನೀನು ಆಡಬೇಡ' ಅಂದರೆ ಮರುದಿನವೇ ಪೋರ್ಟಲ್‌ನಲ್ಲಿ ಹೆಸರಿರುತ್ತದೆ. ಪೇಂಟರ್ ಮಾತ್ರ ಈಗಲೂ ಅದನ್ನು ಮಾಡುತ್ತಾರೆ, ಹುಡುಗರೂ ಕೇಳುತ್ತಾರೆ. ಕಳೆದ ವರ್ಷ ಇಂಡಿಯಾನಾದ ಬ್ರೌನ್ಸ್‌ಟೌನ್‌ನ ಜ್ಯಾಕ್ ಬೆಂಟರ್‌ಗೂ ಹೀಗೇ ಮಾಡಿದರು. ಕಾಫ್ಮನ್-ರೆನ್ ಫಲ ಕೊಡಲು ಮೂರು ವರ್ಷ ಹಿಡಿಯಿತು. ಕೊಟ್ಟಾಗ ಮಾತ್ರ ಧಾರಾಳವಾಗಿ ಕೊಟ್ಟ. 2024-25ರಲ್ಲಿ ಸರಾಸರಿ 20.1 ಅಂಕ.

ಆ ಇಪ್ಪತ್ತು ಅಂಕ ಹೇಗೆ ಬಂತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಈ ವರ್ಷದ ತೊಡಕು ಇರುವುದು ಅಲ್ಲೇ.

ಸ್ಮಿತ್ ಚೆಂಡು ಹಿಡಿದು ಮೇಲ್ಗಡೆ ನಿಂತಿರುತ್ತಾನೆ. ಕಾಫ್ಮನ್-ರೆನ್ ಓಡಿ ಬಂದು, ಸ್ಮಿತ್‌ನನ್ನು ಕಾಯುತ್ತಿರುವ ಎದುರಾಳಿಗೆ ಅಡ್ಡ ನಿಲ್ಲುತ್ತಾನೆ. ಇದೇ ಪಿಕ್ ಅಂಡ್ ರೋಲ್. ಸ್ಮಿತ್ ಪಕ್ಕಕ್ಕೆ ನುಗ್ಗಿದ ಕೂಡಲೇ ಎದುರಾಳಿಗಳಿಬ್ಬರೂ ಅವನ ಮೇಲೆ ಬೀಳುತ್ತಾರೆ, ಯಾಕೆಂದರೆ ಬಿಟ್ಟರೆ ಅವನೇ ಹಾಕುತ್ತಾನೆ. ಆಗ ಸ್ಮಿತ್ ಚೆಂಡನ್ನು ನೆಲಕ್ಕೆ ಒಂದೇ ಸಲ ಬಡಿದು ಹಿಂದಕ್ಕೆ ಕೊಡುತ್ತಾನೆ. ಕಾಫ್ಮನ್-ರೆನ್ ಫ್ರೀ ಥ್ರೋ ಗೆರೆಯ ಹತ್ತಿರ ಅದನ್ನು ಹಿಡಿದು, ಎರಡು ಹೆಜ್ಜೆ ಹಾಕಿ, ಹತ್ತಡಿ ದೂರದಿಂದ ಮೆತ್ತಗೆ ಮೇಲಕ್ಕೆ ತಳ್ಳುತ್ತಾನೆ. ಹಾರಿ ಹೊಡೆಯುವ ಡಂಕ್ ಅಲ್ಲ, ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುವಂಥದ್ದೂ ಅಲ್ಲ. ಆದರೆ ಹೋಗುತ್ತದೆ. ಹೆಚ್ಚುಕಡಿಮೆ ಹತ್ತಕ್ಕೆ ಆರು ಸಲ ಹೋಗುತ್ತದೆ.

ಇದು ನಡೆಯಬೇಕಾದರೆ ಬುಟ್ಟಿಯ ಮುಂದಿನ ಜಾಗ ಖಾಲಿ ಇರಬೇಕು. ಕಳೆದ ವರ್ಷ ಇತ್ತು. ಯಾಕೆಂದರೆ ಕಾಫ್ಮನ್-ರೆನ್ ಸೆಂಟರ್ ಆಗಿ, ಅಂದರೆ ಬುಟ್ಟಿ ಕಾಯುವ ದೊಡ್ಡ ಆಳಾಗಿ ಆಡುತ್ತಿದ್ದ. ಉಳಿದ ನಾಲ್ವರು ಹೊರಗೆ ಹರಡಿ ನಿಲ್ಲುತ್ತಿದ್ದರು.

ಆದರೆ ಅದಕ್ಕೆ ಬೆಲೆ ಇತ್ತು. ಅವನು ನಿಜವಾಗಿ ಸೆಂಟರ್ ಅಲ್ಲ. ಎದುರಾಳಿಯ ಏಳಡಿ ಆಳುಗಳನ್ನು ತಡೆಯಲು ಎತ್ತರ ಸಾಲದು, ಚೆಂಡು ಬ್ಲಾಕ್ ಮಾಡುವುದು ಅವನ ಜಾಯಮಾನವಲ್ಲ. ಪಂದ್ಯಕ್ಕೆ 6.5 ರೀಬೌಂಡ್ ಹಿಡಿದ. ಸೆಂಟರ್ ಪಕ್ಕದಲ್ಲಿ ಆಡುವ ಫಾರ್ವರ್ಡ್‌ಗೆ ಪರವಾಗಿಲ್ಲ, ಸೆಂಟರ್‌ಗೆ ಕಡಿಮೆ. ಅದು ಮೊದಲಿನ ಯೋಜನೆಯೂ ಆಗಿರಲಿಲ್ಲ ಅನ್ನಿ. ಏಳಡಿ ನಾಲ್ಕಿಂಚಿನ ಡೇನಿಯಲ್ ಜೇಕಬ್ಸನ್ ಸೆಂಟರ್ ಆಗಿ ಸೀಸನ್ ಶುರು ಮಾಡಿದ್ದ. ಎರಡನೇ ಪಂದ್ಯದಲ್ಲೇ ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಅವನ ಸೀಸನ್ ಅಲ್ಲಿಗೆ ಮುಗಿಯಿತು. ಪರ್ಡ್ಯೂ ಆಮೇಲೆ ಮಾಡಿದ್ದೆಲ್ಲ ಇದ್ದುದರಲ್ಲಿ ಸುಧಾರಿಸಿಕೊಂಡದ್ದು.

ಜನವರಿಯವರೆಗೆ ಸುಧಾರಿಸಿತು. ಫೆಬ್ರವರಿಯಲ್ಲಿ ಬಣ್ಣ ಬಯಲಾಯಿತು. ಮಿಷಿಗನ್, ವಿಸ್ಕಾನ್ಸಿನ್, ಮಿಷಿಗನ್ ಸ್ಟೇಟ್, ಇಂಡಿಯಾನಾ, ಸಾಲಾಗಿ ನಾಲ್ಕು ಸೋಲು. ವಿಸ್ಕಾನ್ಸಿನ್ ಮ್ಯಾಕಿ ಅರೀನಾಕ್ಕೇ ಬಂದು 94 ಅಂಕ ಬಾರಿಸಿತು. ಆಜನ್ಮ ವೈರಿ ಇಂಡಿಯಾನಾ ತನ್ನ ಅಂಗಳದಲ್ಲಿ 73-58ರಿಂದ ತೊಳೆದು ಹಾಕಿತು. ಮಾರ್ಚ್‌ನಲ್ಲಿ ಬಿಗ್ ಟೆನ್ ಟೂರ್ನಿಯಲ್ಲಿ ಮಿಷಿಗನ್ ಮತ್ತೆ ಸಿಕ್ಕಿತು. ಅವರ ಬಳಿ ಇಬ್ಬರು ಏಳಡಿ ಆಟಗಾರರಿದ್ದರು, ವ್ಲಾಡ್ ಗೋಲ್ಡಿನ್ ಮತ್ತು ಡ್ಯಾನಿ ವುಲ್ಫ್. ಫಲಿತಾಂಶ 86-68.

ಎನ್‌ಸಿಎಎ ಟೂರ್ನಿಯಲ್ಲಿ ಎರಡು ಪಂದ್ಯ ಗೆದ್ದು ಹ್ಯೂಸ್ಟನ್ ಎದುರು ಬಂದಾಗಲೂ ಇದೇ ಕಥೆ. ಮಾರ್ಚ್ 28, ಇಂಡಿಯಾನಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂ. ಅರ್ಧ ನಿಮಿಷ ಚಿಲ್ಲರೆ ಇರುವಾಗ ಕ್ಯಾಮ್ಡನ್ ಹೈಡಿ ಮೂರಂಕ ಹಾಕಿ 60-60 ಮಾಡಿದ. ಹೌದು, ಈಗ ಟೆಕ್ಸಸ್‌ಗೆ ಹೋದವನೇ. ಹ್ಯೂಸ್ಟನ್‌ನ ಕೊನೆಯ ಪ್ರಯತ್ನ ಮೊದಲು ತಪ್ಪಿತು. ಅಲ್ಲಿ ಆ ಚೆಂಡನ್ನು ಗಟ್ಟಿಯಾಗಿ ಹಿಡಿಯುವ ಕೈ ಒಂದು ಇದ್ದಿದ್ದರೆ ಪಂದ್ಯ ಹೆಚ್ಚುವರಿ ಅವಧಿಗೆ ಹೋಗುತ್ತಿತ್ತು. ಹಿಡಿಯಲಾಗಲಿಲ್ಲ. ಚೆಂಡು ಗೆರೆ ದಾಟಿ ಮತ್ತೆ ಹ್ಯೂಸ್ಟನ್‌ಗೇ ಸಿಕ್ಕಿತು. ಮಿಲೋಸ್ ಉಜಾನ್ ಬುಟ್ಟಿಯ ಹಿಂದಿನ ಗೆರೆಯಿಂದ ಜೋಸೆಫ್ ಟಗ್ಲರ್‌ಗೆ ಎಸೆದ, ತಾನು ಒಳಗೆ ಕಾಲಿಟ್ಟ, ಟಗ್ಲರ್ ಅದನ್ನು ತಿರುಗಿ ಅವನಿಗೇ ಕೊಟ್ಟ. ಬುಟ್ಟಿಯ ಪಕ್ಕದಿಂದಲೇ ಹಾಕುವ ಲೇಅಪ್. 0.9 ಸೆಕೆಂಡ್ ಬಾಕಿ. 62-60. ಉಜಾನ್ ಮೇಲೆ ಕಣ್ಣಿಡಬೇಕಾದವರೆಲ್ಲ ಬೇರೆಯವರನ್ನು ನೋಡುತ್ತಿದ್ದರು ಅಂತ ಎಲ್ಲರೂ ಆ ಒಂದು ಗಳಿಗೆಯನ್ನೇ ದೂರುತ್ತಾರೆ. ನನ್ನ ದೂರು ಅದಕ್ಕೂ ಮುಂಚಿನ ರೀಬೌಂಡ್ ಮೇಲೆ.

ಹಾಗಾಗಿ ಬೇಸಿಗೆಯಲ್ಲಿ ಪೇಂಟರ್ ಮಾಡಿದ ಮುಖ್ಯ ಕೆಲಸ ಒಂದೇ. ಆಸ್ಕರ್ ಕ್ಲಫ್‌ನನ್ನು ಕರೆತಂದದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನವನು, ಆರಡಿ ಹನ್ನೊಂದಿಂಚು. ಸೌತ್ ಡಕೋಟಾ ಸ್ಟೇಟ್‌ನಲ್ಲಿ ಕಳೆದ ವರ್ಷ ಪಂದ್ಯಕ್ಕೆ 17.6 ಅಂಕ, 12.3 ರೀಬೌಂಡ್. ದೇಶದಲ್ಲೇ ರೀಬೌಂಡ್ ಪಟ್ಟಿಯ ತುದಿಯ ಹತ್ತಿರದವನು. ಸಮಿಟ್ ಲೀಗ್ ಸಣ್ಣ ಲೀಗ್, ಅಲ್ಲಿನ ಅಂಕಿ ಬಿಗ್ ಟೆನ್‌ನಲ್ಲಿ ನಡೆಯುತ್ತದಾ ಅಂತ ಕೇಳಬಹುದು. ಅಂಕಗಳು ಇಳಿಯುತ್ತವೆ, ಅನುಮಾನ ಬೇಡ. ಆದರೆ ರೀಬೌಂಡ್ ಹಿಡಿಯುವ ಬುದ್ಧಿ ಲೀಗ್ ಬದಲಾದ ಕೂಡಲೇ ಹೋಗುವಂಥದ್ದಲ್ಲ. ಅದಕ್ಕೆ ಮೊದಲು ಒಂದು ವರ್ಷ ವಾಷಿಂಗ್ಟನ್ ಸ್ಟೇಟ್‌ನಲ್ಲೂ ಆಡಿದ್ದಾನೆ. ದೊಡ್ಡ ಲೀಗ್‌ನ ಮೈಕೈ ಬಡಿತ ಅವನಿಗೆ ಹೊಸತಲ್ಲ.

ಇಲ್ಲಿ ಪೇಂಟರ್ ಲೆಕ್ಕಾಚಾರ ಗಮನಿಸಿ. 2005ರಿಂದ ತಂಡ ನಡೆಸುತ್ತಿರುವ ಮನುಷ್ಯ, ಗುರು ಜೀನ್ ಕೀಡಿಯ ಕೈಯಿಂದ ಅಧಿಕಾರ ತೆಗೆದುಕೊಂಡವರು. ಅವರಿಗೆ ಪೋರ್ಟಲ್ ಕಂಡರೆ ಆಗುವುದಿಲ್ಲ ಎಂಬುದು ಜನರ ಮಾತು. ಅದು ಅರ್ಧ ಸತ್ಯ. 2023ರಲ್ಲಿ ಫೇರ್ಲಿ ಡಿಕಿನ್ಸನ್ ಎದುರು ಮಾನ ಹೋದ ಮೇಲೆ ತಂಡಕ್ಕೆ ಬೇಕಾಗಿದ್ದದ್ದು ಚುರುಕಾದ ಒಬ್ಬ ಗಾರ್ಡ್. ಸದರ್ನ್ ಇಲಿನಾಯ್‌ನಿಂದ ಲ್ಯಾನ್ಸ್ ಜೋನ್ಸ್‌ನನ್ನು ತಂದರು, ಮುಂದಿನ ಏಪ್ರಿಲ್‌ನಲ್ಲಿ ಫೈನಲ್ ಆಡಿದರು. 2024ರಲ್ಲಿ ಯಾರನ್ನೂ ತರಲಿಲ್ಲ. ಈಗ ಬೇಕಾಗಿರುವುದು ದೊಡ್ಡ ಆಳು, ಕ್ಲಫ್ ಬಂದ. ಜೊತೆಗೆ ನಾರ್ತ್ ಫ್ಲೋರಿಡಾದಿಂದ ಆರಡಿ ಎಂಟಿಂಚಿನ ಶೂಟರ್ ಲಿಯಾಮ್ ಮರ್ಫಿ. ತೂತು ಎಲ್ಲಿದೆಯೋ ಅಷ್ಟಕ್ಕೇ ತೇಪೆ. ಬಟ್ಟೆಯನ್ನೇ ಬದಲಾಯಿಸುವವರಲ್ಲ.

ಕ್ಲಫ್ ಹಿಂದೆ ಜೇಕಬ್ಸನ್ ಇದ್ದಾನೆ. ಕಾಲು ವಾಸಿಯಾಗಿದೆ. ಈ ಬೇಸಿಗೆ ಸ್ವಿಟ್ಜರ್ಲೆಂಡ್‌ನ ಲೌಸಾನ್‌ನಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಅಮೆರಿಕ ತಂಡದಲ್ಲಿ ಆಡಿ ಬಂದ. ಮೈ ಇನ್ನೂ ತೆಳು. ಆದರೆ ಬುಟ್ಟಿಯ ಹತ್ತಿರ ಸುಮ್ಮನೆ ಕೈ ಎತ್ತಿ ನಿಂತರೂ ಎದುರಾಳಿಯ ಯೋಚನೆ ಬದಲಾಗುತ್ತದೆ. ಕಳೆದ ವರ್ಷ ಪರ್ಡ್ಯೂಗೆ ಇಲ್ಲದ್ದು ಅದೇ. ಇವರಿಬ್ಬರ ನಡುವೆ ನಲವತ್ತು ನಿಮಿಷ ಹಂಚಿದರೆ ರೀಬೌಂಡ್ ಚಿಂತೆ ಬಹುಪಾಲು ತೀರುತ್ತದೆ.

ತೀರಿದ ಕೂಡಲೇ ಇನ್ನೊಂದು ಹುಟ್ಟುತ್ತದೆ. ದೊಡ್ಡವನು ಒಬ್ಬ ಬುಟ್ಟಿಯ ಪಕ್ಕ ನಿಂತರೆ ಅವನನ್ನು ಕಾಯುವ ಎದುರಾಳಿಯೂ ಅಲ್ಲೇ ನಿಲ್ಲುತ್ತಾನೆ. ಕಾಫ್ಮನ್-ರೆನ್ ಎರಡು ಹೆಜ್ಜೆ ಹಾಕಿ ಮೆತ್ತಗೆ ತಳ್ಳುತ್ತಿದ್ದ ಜಾಗ ಅದೇ. ಅವನು ಮೂರಂಕದ ಗೆರೆಯಿಂದ ಅಪರೂಪಕ್ಕೆ ಎಸೆಯುವವನು. ಕ್ಲಫ್ ಅಂತೂ ಬುಟ್ಟಿ ಬಿಟ್ಟು ಬರುವವನಲ್ಲ. ಹೊರಗಿನಿಂದ ಎಸೆಯದ ಇಬ್ಬರು ಒಟ್ಟಿಗೆ ಇದ್ದರೆ ಸ್ಮಿತ್‌ಗೂ ನುಗ್ಗಲು ಸಂದು ಕಿರಿದಾಗುತ್ತದೆ. ದೇಶದಲ್ಲೇ ಒಳ್ಳೆಯ ದಾಳಿಗಳಲ್ಲಿ ಒಂದಾಗಿದ್ದ ಆಟ ಬಿಗಿದುಕೊಳ್ಳುವ ಅಪಾಯ ಇದೆ.

ಇದಕ್ಕೆ ಹಳೆಯ ಉದಾಹರಣೆ ಪರ್ಡ್ಯೂ ಬಳಿಯೇ ಇದೆ. 2023-24ರಲ್ಲಿ ಏಳಡಿ ನಾಲ್ಕಿಂಚಿನ ಝ್ಯಾಕ್ ಈಡಿ ಸೆಂಟರ್, ಕಾಫ್ಮನ್-ರೆನ್ ಪಕ್ಕದ ಫಾರ್ವರ್ಡ್. ಆ ತಂಡ ಫೈನಲ್‌ವರೆಗೆ ಹೋಯಿತು, ಅಂದರೆ ಜೋಡಿ ನಡೆಯದ್ದೇನಲ್ಲ. ಆದರೆ ಆಗ ಕಾಫ್ಮನ್-ರೆನ್ ಅಂಕ ಪಂದ್ಯಕ್ಕೆ ಆರರ ಆಸುಪಾಸು. ಫೈನಲ್‌ನಲ್ಲಿ ಎದುರಾಳಿ ಯುಕಾನ್, ಅಂದರೆ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಕೋಚ್ ಡ್ಯಾನ್ ಹರ್ಲಿ ಏನು ಮಾಡಿದರು? ಈಡಿಯನ್ನು ಒಬ್ಬನ ಕೈಗೆ ಬಿಟ್ಟು, ಉಳಿದವರನ್ನೆಲ್ಲ ಶೂಟರ್‌ಗಳ ಮೈಗೆ ಅಂಟಿಸಿದರು. ಈಡಿ 37 ಅಂಕ ಹಾಕಿದ. ಇಡೀ ತಂಡ ಮೂರಂಕಕ್ಕೆ ಎಸೆದದ್ದೇ ಏಳು ಸಲ, ಬಿದ್ದದ್ದು ಒಂದು. 75-60. ಪರ್ಡ್ಯೂ ಎದುರು ಹೇಗೆ ಆಡಬೇಕು ಎಂಬ ಪಾಠ ಅಂದೇ ಎಲ್ಲರ ಕೈಗೆ ಸಿಕ್ಕಿತು.

ಪೇಂಟರ್ ಏನು ಮಾಡಬಹುದು? ನನ್ನ ಊಹೆ ಹೀಗಿದೆ. ಸ್ಕ್ರೀನ್ ಹಾಕುವ ಕೆಲಸವನ್ನು ಹೆಚ್ಚಾಗಿ ಕ್ಲಫ್‌ಗೆ ವಹಿಸುತ್ತಾರೆ, ಕಾಫ್ಮನ್-ರೆನ್‌ನನ್ನು ಬುಟ್ಟಿಯ ಹಿಂದಿನ ಗೆರೆಯ ಬಳಿ ನಿಲ್ಲಿಸುತ್ತಾರೆ. ಅವನು ಒಳ್ಳೆಯ ಪಾಸ್ ಕೊಡಬಲ್ಲವನು, ಫ್ರೀ ಥ್ರೋ ಗೆರೆಯಿಂದ ಕ್ಲಫ್‌ಗೆ ಚೆಂಡು ಇಳಿಸಬಹುದು. ಪಂದ್ಯಕ್ಕೆ ಹತ್ತು ಹನ್ನೆರಡು ನಿಮಿಷ ಮಾತ್ರ ದೊಡ್ಡವರನ್ನೆಲ್ಲ ಕೂರಿಸಿ ಹಳೆಯ ಆಟಕ್ಕೇ ಮರಳುತ್ತಾರೆ. ಆಗ ಮರ್ಫಿಯಂಥವನು ಫಾರ್ವರ್ಡ್ ಜಾಗದಲ್ಲಿ ಹೊರಗೆ ನಿಲ್ಲುತ್ತಾನೆ. ಅಂದರೆ ಕಾಫ್ಮನ್-ರೆನ್ ಸರಾಸರಿ ಇಪ್ಪತ್ತರಿಂದ ಹದಿನೈದಕ್ಕೆ ಇಳಿದರೂ ಆಶ್ಚರ್ಯ ಇಲ್ಲ. ಇಳಿದರೆ ಅವನ ಆಟ ಕೆಟ್ಟಿತು ಅಂತ ಬರೆಯುವವರು ಇರುತ್ತಾರೆ. ನಂಬಬೇಡಿ.

ಗಾರ್ಡ್‌ಗಳ ಕಡೆ ಚಿಂತೆ ಬೇರೆ ಬಗೆಯದು. ಸ್ಮಿತ್ ಕಳೆದ ವರ್ಷ ನಲವತ್ತರಲ್ಲಿ ಸುಮಾರು 37 ನಿಮಿಷ ಆಡಿದ. ಆರಡಿ ಹುಡುಗ, ಪ್ರತಿ ರಾತ್ರಿ ದೊಡ್ಡ ಮೈಯವರ ಪೆಟ್ಟು ತಿನ್ನುತ್ತ, ಬಿಗ್ ಟೆನ್‌ನಲ್ಲಿ ಈಗ ಲಾಸ್ ಏಂಜಲಿಸ್, ಸಿಯಾಟಲ್‌ವರೆಗೂ ಹಾರುತ್ತ. ಮಾರ್ಚ್ ಹೊತ್ತಿಗೆ ಕಾಲು ಸೋಲುವುದು ಸಹಜ. ಅವನನ್ನು ಕೂರಿಸಿದರೆ ಚೆಂಡು ಯಾರ ಕೈಗೆ? ಅದಕ್ಕೇ ಓಮೆರ್ ಮೇಯರ್. ಇಸ್ರೇಲ್‌ನವನು, ಆರಡಿ ನಾಲ್ಕಿಂಚು, ಮಕಾಬಿ ಟೆಲ್ ಅವಿವ್‌ನಲ್ಲಿ ಬೆಳೆದವನು. ಕಾಲೇಜಿಗೆ ಮೊದಲ ವರ್ಷ ಅಷ್ಟೇ, ದೊಡ್ಡವರ ಜೊತೆ ಆಡಿದ ಅಭ್ಯಾಸ ಇದೆ. ಸ್ಮಿತ್‌ನನ್ನು 32 ನಿಮಿಷಕ್ಕೆ ಇಳಿಸುವ ಹಾಗೆ ಮೇಯರ್ ಆಡಿದರೆ ಅದೇ ಅವನ ದೊಡ್ಡ ಉಪಕಾರ.

ಮೇಯರ್, ಕ್ಲಫ್ ಹೆಸರು ಬಂದಾಗ ನಮ್ಮ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯವೊಂದು ನೆನಪಾಗುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾ, ದುಡಿಯಲು ಕಟ್ಟುಪಾಡು ಇರುವಂಥದ್ದು. ಹೊರದೇಶದಿಂದ ಬರುವ ಕಾಲೇಜು ಆಟಗಾರರಲ್ಲಿ ಹೆಚ್ಚಿನವರು ಬರುವುದು ಇದರ ಮೇಲೇ. ಕ್ಯಾಂಪಸ್ ಹೊರಗೆ ದುಡಿಯಲು ಸಿಪಿಟಿ, ಓಪಿಟಿ ಎಂಬ ಅನುಮತಿಗಳಿಗೆ ಒದ್ದಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆನಡಾದ ಈಡಿ ಎರಡು ಸಲ ದೇಶದ ಶ್ರೇಷ್ಠ ಆಟಗಾರ ಎನಿಸಿಕೊಂಡರೂ ಪಕ್ಕದಲ್ಲಿದ್ದ ಅಮೆರಿಕನ್ ಹುಡುಗರಂತೆ ಜಾಹೀರಾತಿನಿಂದ ದುಡ್ಡು ಮಾಡಲು ಈ ವೀಸಾ ಅಡ್ಡ ಬಂತು. ಆಟದ ನಿಯಮ ಇಷ್ಟೆಲ್ಲ ಬದಲಾಯಿತು, ವಲಸೆ ಕಾನೂನು ಬದಲಾಗಲಿಲ್ಲ. ಕಾಲೇಜು ಕೊಡುವ ಪಾಲು 'ಕೆಲಸದ ಸಂಬಳ'ವೋ ಅಲ್ಲವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹೊರದೇಶದ ಆಟಗಾರರನ್ನು ತರುವ ಎಲ್ಲ ಕಾಲೇಜುಗಳ ವಕೀಲರೂ ಇದರ ಮೇಲೆಯೇ ಕೂತಿದ್ದಾರೆ.

ಇನ್ನು ರಕ್ಷಣೆ. ಸ್ಮಿತ್ ಕುಳ್ಳ, ಲೋಯರ್ ಪಾದ ಚುರುಕಲ್ಲ. ಎದುರಾಳಿಗಳು ಇವರಿಬ್ಬರನ್ನೇ ಹುಡುಕಿ ಹುಡುಕಿ ನುಗ್ಗುತ್ತಾರೆ. ಹಾಗಾಗಿ ಮೂರನೇ ಗಾರ್ಡ್ ಕಾವಲುಗಾರನೇ ಆಗಬೇಕು. ಎರಡನೇ ವರ್ಷದ ಸಿ.ಜೆ. ಕಾಕ್ಸ್ ಮತ್ತು ಗಿಕಾರಿ ಹ್ಯಾರಿಸ್ ನಡುವೆ ಆ ಜಾಗ. ನಾನಾದರೆ ಕಾಕ್ಸ್‌ನಿಂದ ಶುರು ಮಾಡುತ್ತೇನೆ. ಹೊರಗಿನಿಂದಲೂ ಹಾಕುತ್ತಾನೆ, ಎದುರಾಳಿಯ ಒಳ್ಳೆಯ ಗಾರ್ಡ್‌ನನ್ನೂ ಕಾಯುತ್ತಾನೆ. ಕಾಲ್ವಿನ್, ಹೈಡಿ ಹೋದದ್ದರಿಂದ ಉದ್ದ ಕೈಕಾಲಿನ, ನೆಗೆಯುವ, ಅಂಗಳದ ಅಂಚಿನಲ್ಲಿ ಆಡುವ ವಿಂಗ್ ಆಟಗಾರರು ಈ ತಂಡದಲ್ಲಿ ಈಗ ಇಲ್ಲವೇ ಇಲ್ಲ ಅನ್ನಬಹುದು. ಬೆಂಟರ್, ಮರ್ಫಿ ಎಸೆತಗಾರರು, ಅಂಥವರಲ್ಲ. ಈ ಪಟ್ಟಿಯಲ್ಲಿ ನನಗೆ ತೀರಾ ತೆಳುವಾಗಿ ಕಾಣುವ ಜಾಗ ಇದು. ಮೂವರು ಸೀನಿಯರ್‌ಗಳ ಹೊಗಳಿಕೆಯಲ್ಲಿ ಅದನ್ನು ಯಾರೂ ಜಾಸ್ತಿ ಹೇಳುತ್ತಿಲ್ಲ.

ಎದುರಾಳಿಗಳಲ್ಲಿ ನನಗೆ ಭಯ ಹ್ಯೂಸ್ಟನ್‌ಗಿಂತ ಮಿಷಿಗನ್ ಬಗ್ಗೆ. ಗೋಲ್ಡಿನ್, ವುಲ್ಫ್ ಹೋದರು ಸರಿ. ಕೋಚ್ ಡಸ್ಟಿ ಮೇ ಪೋರ್ಟಲ್‌ಗೆ ಹೋಗಿ ಏಳಡಿ ಮೂರಿಂಚಿನ ಅಡಾಯ್ ಮಾರಾ, ಇಲಿನಾಯ್‌ನ ಮೊರೆಜ್ ಜಾನ್ಸನ್, ಯುಎಬಿ ಕಾಲೇಜಿನ ಯಾಕ್ಸೆಲ್ ಲೆಂಡೆಬೋರ್ಗ್, ಮೂವರನ್ನೂ ತಂದರು. ಲೆಂಡೆಬೋರ್ಗ್ ವೃತ್ತಿಪರ ಲೀಗ್ ಎನ್‌ಬಿಎ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಿಂದ ಹೆಸರು ವಾಪಸ್ ತೆಗೆದುಕೊಂಡು ಬಂದವನು. ಕಳೆದ ಮಾರ್ಚ್‌ನಲ್ಲಿ ಪರ್ಡ್ಯೂವನ್ನು ಕೆಡವಿದ ಅದೇ ಉಪಾಯ, ಈಗ ಇನ್ನೂ ಒಬ್ಬ ಜಾಸ್ತಿ. ಬಿಗ್ ಟೆನ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಎರಡು ದಾರಿಗಳು ಮುಖಾಮುಖಿ ಆಗುವುದು ಈ ಎರಡು ತಂಡಗಳ ನಡುವೆ.

ಎನ್‌ಸಿಎಎ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತ, ಫೈನಲ್ ಫೋರ್, 2026ರ ಏಪ್ರಿಲ್ 4 ಮತ್ತು 6ಕ್ಕೆ. ಜಾಗ ಇಂಡಿಯಾನಪೊಲಿಸ್, ವೆಸ್ಟ್ ಲಾಫಯೆಟ್‌ನಿಂದ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಉಜಾನ್ ಲೇಅಪ್ ಹಾಕಿದ ಅದೇ ಲೂಕಸ್ ಆಯಿಲ್ ಸ್ಟೇಡಿಯಂ. ಪರ್ಡ್ಯೂ ಅಲ್ಲಿಯವರೆಗೆ ಹೋಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಅಲ್ಲಿಂದ ಮುಂದಿನ ಎರಡು ಪಂದ್ಯದ ಬಗ್ಗೆ ಪಂತ ಕಟ್ಟುವ ಧೈರ್ಯ ಇಲ್ಲ.

ಹತ್ತಿರದ ಲೆಕ್ಕ ಬೇಕಾದರೆ, ಅಕ್ಟೋಬರ್ 24ಕ್ಕೆ ಕೆಂಟಕಿ ಜೊತೆ ಅಂಕಪಟ್ಟಿಗೆ ಸೇರದ ಪಂದ್ಯ ಇದೆ. ಅದರ ಫಲಿತಾಂಶ ಏನಾದರೂ ತಲೆ ಕೆಡಿಸಿಕೊಳ್ಳಬೇಡಿ. ನವೆಂಬರ್ 20-21ಕ್ಕೆ ಬಹಾಮಾಸ್‌ನಲ್ಲಿ ಮೆಂಫಿಸ್, ಟೆಕ್ಸಸ್ ಟೆಕ್, ಕಾಲ್ವಿನ್ ಇರುವ ವೇಕ್ ಫಾರೆಸ್ಟ್ ಸೇರಿದ ನಾಲ್ಕು ತಂಡಗಳ ಟೂರ್ನಿ. ಡಿಸೆಂಬರ್ 6ಕ್ಕೆ ಅಯೋವಾ ಸ್ಟೇಟ್ ಮ್ಯಾಕಿಗೆ ಬರುತ್ತದೆ. ಒಂದೇ ಪಂದ್ಯ ನೋಡಲು ಪುರುಸೊತ್ತು ಇದ್ದರೆ ನವೆಂಬರ್ 13ರದ್ದನ್ನು ನೋಡಿ, ಅಲಬಾಮಾ ವಿರುದ್ಧ, ಅವರ ಅಂಗಳದಲ್ಲಿ. ನಮ್ಮಲ್ಲಿ ಆಗ 14ರ ಬೆಳಗಾಗಿರುತ್ತದೆ. ನೇಟ್ ಓಟ್ಸ್ ಅವರ ತಂಡ ಓಡುತ್ತಲೇ ಇರುತ್ತದೆ, ಐವರಲ್ಲಿ ನಾಲ್ವರು ಹೊರಗಿನಿಂದ ಎಸೆಯುತ್ತಾರೆ. ಕ್ಲಫ್, ಕಾಫ್ಮನ್-ರೆನ್ ಇಬ್ಬರೂ ಅಂಗಳದಲ್ಲಿದ್ದರೆ ಅವರಲ್ಲಿ ಒಬ್ಬ ಇಪ್ಪತ್ತೆರಡಡಿ ದೂರದವರೆಗೆ ಓಡಿಹೋಗಿ ಶೂಟರ್‌ನನ್ನು ಕಾಯಬೇಕು. ಸ್ಕೋರ್ ಹತ್ತಿರ ಇದ್ದು ಕೊನೆಯ ನಾಲ್ಕು ನಿಮಿಷ ಬಂದಾಗ ಪೇಂಟರ್ ಆ ಇಬ್ಬರನ್ನೂ ಬಿಡುತ್ತಾರೋ, ಒಬ್ಬನನ್ನು ಕರೆದು ಕೂರಿಸುತ್ತಾರೋ ನೋಡಿ. ಇಬ್ಬರನ್ನೂ ಬಿಟ್ಟು ಗೆದ್ದರೆ ಆ ಒಂದನೇ ಸ್ಥಾನ ಸುಮ್ನೆ ಕೊಟ್ಟದ್ದಲ್ಲ ಅಂತ ನಾನೂ ಒಪ್ಪುತ್ತೇನೆ.